ಚೋಕ್ ತೆಗೆದ ಕೂಡಲೇ ವೀಡ್ ಕಟರ್ ನಿಂತುಹೋಗುತ್ತದೆ, ಕಾರ್ಬ್ಯುರೇಟರ್ ಬದಲಿಸಬೇಕಾ?

ಚೋಕ್ ಹಾಕಿ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದು ಆಕ್ಸಿಲರೇಟರ್ ಒತ್ತಿದರೆ ನಿಲ್ಲುತ್ತದೆ, ಮೆಕ್ಯಾನಿಕ್ ಹೊಸ ಕಾರ್ಬ್ಯುರೇಟರ್ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಹಾಕಿಸಿ ಅಂದಿದ್ದಾರೆ ಎಂದು ಬರೆದಿದ್ದೀರಿ. ಸ್ವಲ್ಪ ತಡೆಯಿರಿ. ಚೋಕ್ ಅಂದರೆ ಗಾಳಿಗೆ ಅಡ್ಡ ಹಿಡಿಯುವುದು, ಅಷ್ಟೇ. ಗಾಳಿ ಕಡಿಮೆಯಾದಾಗ ಮಾತ್ರ ಓಡುತ್ತಿದೆ ಅಂದರೆ ಸ್ಪಾರ್ಕ್ ಇದೆ, ಪೆಟ್ರೋಲ್ ಸಾಲುತ್ತಿಲ್ಲ. ಇಲ್ಲವೇ ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗುತ್ತಿದೆ.

ನಮ್ಮ ಅಡಿಕೆ ತೋಟದ ಮೆಷಿನ್ ಒಮ್ಮೆ ಹತ್ತು ನಿಮಿಷ ಓಡಿ ನಿಲ್ಲುತ್ತಿತ್ತು. ಎರಡು ದಿನ ಕಾರ್ಬ್ಯುರೇಟರ್ ಬಿಚ್ಚಿ ಬಿಚ್ಚಿ ಜೋಡಿಸಿದೆ. ಕೊನೆಗೆ ಪೆಟ್ರೋಲ್ ಹಾಕಲು ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ‘ಸ್ಸ್’ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳದ ಸಣ್ಣ ತೂತಿಗೆ ಮಣ್ಣು ಮೆತ್ತಿತ್ತು! ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಾದರೂ ಹೇಗೆ? ನಿಮ್ಮದು ಅದಕ್ಕಿಂತ ಬೇಗ ನಿಲ್ಲುತ್ತಿದೆ, ಆದರೂ ಮುಚ್ಚಳ ಸಡಿಲ ಮಾಡಿ ಒಮ್ಮೆ ನೋಡಿ. ಖರ್ಚಿಲ್ಲದ ಕೆಲಸ.

ಹೋದ ಮಳೆಗಾಲದ ಪೆಟ್ರೋಲೇ ಟ್ಯಾಂಕಿನಲ್ಲಿದೆ ಅಂದಿರಲ್ಲ, ನನ್ನ ಅನುಮಾನ ಅದರ ಮೇಲೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ನೀರಿನ ಜೊತೆ ಬೇರೆಯಾಗಿ ಅಡಿಗೆ ಇಳಿಯುತ್ತದೆ. ಫಿಲ್ಟರ್ ಕೂತಿರುವುದೂ ಅಲ್ಲೇ ಅಲ್ವಾ? ಟ್ಯಾಂಕಿನದ್ದನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಡಿ. ಎರಡು ಪದರ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಹೊಸ ಪೆಟ್ರೋಲಿಗೆ ಬೆರೆಸುವ 2ಟಿ (ಟೂ-ಸ್ಟ್ರೋಕ್ ಇಂಜಿನ್) ಆಯಿಲ್ ಎಷ್ಟು ಅಂತ ಮೆಷಿನ್ ಜೊತೆ ಬಂದ ಪುಸ್ತಕ ನೋಡಿ. 40:1 ಅಂದಿದ್ದರೆ ಲೀಟರಿಗೆ 25 ಎಂಎಲ್, 50:1 ಅಂದಿದ್ದರೆ 20.

ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಟ್ಯಾಂಕಿನೊಳಗಿನ ಫಿಲ್ಟರನ್ನು ಪೈಪ್ ಸಮೇತ ಮೇಲೆತ್ತಿ. ಕಪ್ಪಾಗಿದ್ದರೆ ತೊಳೆಯಲು ಹೋಗಬೇಡಿ, ಹೊಸದು ಹಾಕಿ. ಆಮೇಲೆ ಪ್ರೈಮರ್ ಬಲ್ಬ್, ಅಂದರೆ ಪೆಟ್ರೋಲ್ ಎಳೆಯಲು ಒತ್ತುವ ಮೆತ್ತನೆಯ ಗುಬ್ಬಿ, ಒತ್ತಿ. ಒತ್ತಿದ ಬಲ್ಬ್ ಚಪ್ಪಟೆಯಾಗಿಯೇ ಉಳಿದರೆ ಫಿಲ್ಟರ್ ಅಥವಾ ಪೈಪ್ ಕಟ್ಟಿದೆ. ಇಪ್ಪತ್ತು ಸಲ ಒತ್ತಿದರೂ ಗುಳ್ಳೆ ನಿಲ್ಲದಿದ್ದರೆ ಪೈಪ್ ಎಲ್ಲೋ ಸೀಳಿದೆ. ಹೆಚ್ಚಾಗಿ ಟ್ಯಾಂಕಿನಿಂದ ಹೊರಬರುವ ಜಾಗದಲ್ಲೇ ಸೀಳುವುದು, ಬಗ್ಗಿಸಿ ನೋಡಿದರೆ ಕಾಣುತ್ತದೆ.

ಬಲ್ಬ್ ತುಂಬಿ ಗಟ್ಟಿಯಾಗಿದ್ದೂ ಇಂಜಿನ್ ನಿಂತರೆ ಮಾತ್ರ ಕಾರ್ಬ್ಯುರೇಟರ್ ಬಿಚ್ಚಿ. ಬಲ್ಬ್ ಇರುವ ಈ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಮಟ್ಟ ಕಾಯುವ ತೇಲು, ಅಂದರೆ ಫ್ಲೋಟ್, ಇರುವುದಿಲ್ಲ, ಯಾವ ಕಡೆ ಓರೆ ಮಾಡಿದರೂ ಓಡಬೇಕಲ್ಲ. ಫ್ಲೋಟಿನ ಕೆಲಸ ಮಾಡುವುದು ಡಯಾಫ್ರಂ ಎಂಬ ತೆಳ್ಳಗಿನ ಪೊರೆ. ಅದನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಮೆತ್ತಗಿರಬೇಕು. ಒಣಗಿದ ಹಾಳೆಯ ಹಾಗೆ ಗಟ್ಟಿಯಾಗಿ ಪರಪರ ಅಂದರೆ ಅದರ ಆಯಸ್ಸು ಮುಗಿಯಿತು. ಡಯಾಫ್ರಂ, ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರಿಸುವ ಹಾಳೆ) ಇರುವ ರಿಪೇರಿ ಕಿಟ್ ಸಿಗುತ್ತದೆ, ಪೂರ್ತಿ ಕಾರ್ಬ್ಯುರೇಟರ್ ಬೇಕಾಗುವುದಿಲ್ಲ. ಬಿಚ್ಚುವಾಗ ಪ್ರತಿ ಪದರಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗ್ಯಾಸ್ಕೆಟ್ ಹಿಂದೆಮುಂದೆ ಆದರೆ ಮತ್ತೆ ಅದೇ ಕಥೆ. ಕಾರ್ಬ್ಯುರೇಟರಿನ ಇನ್ನೊಂದು ಮುಚ್ಚಳದ ಕೆಳಗೆ ಉಗುರಿನಷ್ಟು ಜಾಲರಿ ಇರುತ್ತದೆ, ಅದನ್ನು ಮರೆಯಬೇಡಿ. ತೂತುಗಳಿಗೆ ಸೂಜಿ, ತಂತಿ ಚುಚ್ಚದೆ ಕ್ಲೀನರ್ ಸ್ಪ್ರೇ ಹೊಡೆಯಿರಿ. ಇದೆಲ್ಲ ಇಂಜಿನ್ ತಣ್ಣಗಾದ ಮೇಲೆ, ಅಂಗಳದಲ್ಲಿ. ಹತ್ತಿರ ಬೀಡಿ ಸೇದುವವರಿದ್ದರೆ ದೂರ ಕಳಿಸಿ.

ಇಷ್ಟಾದರೂ ಸರಿಹೋಗದಿದ್ದರೆ, ನಿಂತ ತಕ್ಷಣ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದು ಒಣಗಿದೆಯಾ, ಒದ್ದೆಯಾಗಿದೆಯಾ ಅಂತ ಇಲ್ಲೇ ಬರೆಯಿರಿ. ಒದ್ದೆಯಾಗಿದ್ದರೆ ನಾನು ಇಲ್ಲಿ ಹೇಳಿದ ದಾರಿಯೇ ಬೇರೆಯಾಗುತ್ತದೆ.