ಪಶ್ಚಿಮದ ಗೋಡೆಗೆ ತಾಗಿದ ವಾರ್ಡ್‌ರೋಬ್‌ನಲ್ಲಿ ಮಳೆಗಾಲಕ್ಕೆ ಬೂಷ್ಟು ಬರುತ್ತಿದೆ, ಸಿಲಿಕಾ ಜೆಲ್ ಎಷ್ಟು ಇಡಬೇಕು?

ನೀವು ಕೊಟ್ಟ ವಿವರ ಇಷ್ಟು: ಮಂಗಳೂರಿನ ಮನೆ, ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ತಾಗಿಸಿ ಮಾಡಿಸಿದ ಪ್ಲೈವುಡ್ ವಾರ್ಡ್‌ರೋಬ್, 4 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳ. ಜೂನ್ ಕೊನೆಗೆ ಮುಗ್ಗಲು ವಾಸನೆ, ಜುಲೈ ಹೊತ್ತಿಗೆ ಸೀರೆ ಮಡಿಕೆಗಳ ಮೇಲೆ ಬಿಳಿ ಬೂಷ್ಟು.

ನೇರ ಉತ್ತರ: ಸುಮಾರು ಐದು ಕಿಲೋ, ಅದೂ ಒಂದು ಸಲಕ್ಕೆ. ಲೆಕ್ಕ ಹೇಗೆಂದರೆ, ನಿಮ್ಮ ಕಪಾಟಿನ ಒಳಗೆ ಒಂದೂವರೆ ಘನ ಮೀಟರ್‌ಗಿಂತ ಚೂರು ಹೆಚ್ಚು ಗಾಳಿ ಇದೆ. 27 ಡಿಗ್ರಿ, ಶೇ. 90 ತೇವಾಂಶದ ಗಾಳಿಯಲ್ಲಿ ಒಂದು ಘನ ಮೀಟರ್‌ಗೆ 23 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು ಶೇ. 60ಕ್ಕೆ ಇಳಿಸಲು ತೆಗೆಯಬೇಕಾದದ್ದು ಬರೀ 12 ಗ್ರಾಂ. ಇಷ್ಟೇ ಆಗಿದ್ದರೆ ನಾಲ್ಕು ಪೊಟ್ಟಣ ಸಾಕಿತ್ತು. ನೀರು ಕೂತಿರುವುದು ಗಾಳಿಯಲ್ಲಲ್ಲ, ಬಟ್ಟೆಯಲ್ಲಿ. ಹತ್ತಿ ಬಟ್ಟೆ ಶೇ. 60ರ ಗಾಳಿಯಲ್ಲಿ ತನ್ನ ತೂಕದ ಸುಮಾರು ಶೇ. 7ರಷ್ಟು ನೀರು ಹಿಡಿದಿಟ್ಟರೆ, ಶೇ. 90ರ ಗಾಳಿಯಲ್ಲಿ ಶೇ. 12ರ ಆಸುಪಾಸು ಹಿಡಿಯುತ್ತದೆ. 30 ಕಿಲೋ ಬಟ್ಟೆ ಇದ್ದರೆ ಆ ವ್ಯತ್ಯಾಸವೇ ಒಂದೂವರೆ ಲೀಟರ್. ಸಿಲಿಕಾ ಜೆಲ್ ಹೀರುವುದು ತನ್ನ ತೂಕದ ಮೂರನೇ ಒಂದು ಭಾಗವಷ್ಟೇ. ಮೇಲೆ ಬಾಗಿಲ ಸಂದಿಯಿಂದ ಹೊಸ ತೇವ ಬರುತ್ತಲೇ ಇರುತ್ತದೆ. ಹಾಗಾಗಿ ಇಡೀ ವಾರ್ಡ್‌ರೋಬ್‌ಗೆ ಜೆಲ್ ಇಡುವ ಯೋಚನೆ ಬಿಡಿ. ಅದು ಕೆಲಸಕ್ಕೆ ಬರುವ ಜಾಗ ಬೇರೆ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಗೊತ್ತಾಗಬೇಕಾದದ್ದು ನೀರು ಗೋಡೆಯಿಂದ ಬರುತ್ತಿದೆಯೋ ಗಾಳಿಯಿಂದಲೋ ಎಂಬುದು. ಕಪಾಟಿನ ಪಕ್ಕದಲ್ಲೇ ಖಾಲಿ ಗೋಡೆಗೆ, ಸಾಧ್ಯವಾದರೆ ಹಿಂಬದಿಯ ಹಲಗೆ ಬಿಚ್ಚಿ ಅಲ್ಲೂ, ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 48 ಗಂಟೆ ಬಿಡಿ. ಗೋಡೆ ಕಡೆಯ ಮುಖ ಒದ್ದೆಯಾದರೆ ನೀರು ಗೋಡೆಯೊಳಗಿದೆ. ಕೋಣೆ ಕಡೆಯ ಮುಖದಲ್ಲಿ ಹನಿ ಕಟ್ಟಿದರೆ ಗಾಳಿಯ ತೇವ ತಣ್ಣನೆಯ ಮೇಲ್ಮೈಗೆ ಬಂದು ಬೆವರುತ್ತಿದೆ. ಎರಡೂ ಒಣಗಿದ್ದು ಬಟ್ಟೆಗೆ ಮಾತ್ರ ಬೂಷ್ಟು ಬರುತ್ತಿದ್ದರೆ ಅದು ಕರಾವಳಿಯ ಮಾಮೂಲಿ ಕಾಯಿಲೆ, ಗಾಳಿಯಾಡದ ಜಾಗದಲ್ಲಿ ತೇವಾಂಶ ದಿನಗಟ್ಟಲೆ ಶೇ. 80ರ ಮೇಲೆ ನಿಂತದ್ದು. ಒಂದು ಚಿಕ್ಕ ಡಿಜಿಟಲ್ ತೇವಾಂಶ ಮಾಪಕ ಕೊಂಡು ಒಳಗಿಡಿ. ಅಗ್ಗದವು ಸುಳ್ಳು ಹೇಳುವುದುಂಟು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಮರಳಿನಂತೆ ಒದ್ದೆಯಾಗುವಷ್ಟು ನೀರು ಬಿಟ್ಟು, ಮಾಪಕದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಮುಂದೆ ನೋಡಿದಾಗಲೆಲ್ಲ ಐದು ಕೂಡಿಸಿಕೊಳ್ಳಿ.

ಗೋಡೆಯೇ ಒದ್ದೆ ಎಂದಾದರೆ, ಪಶ್ಚಿಮದ ಗೋಡೆಯಲ್ಲಿ ನನ್ನ ಮೊದಲ ಅನುಮಾನ ಸಜ್ಜಾದ ಮೇಲೆ. ನಮ್ಮ ಕಡೆ ಹೊರಗಿನ ಸಜ್ಜಾ ಮತ್ತು ಒಳಗಿನ ಅಟ್ಟವನ್ನು ಎಷ್ಟೋ ಮನೆಗಳಲ್ಲಿ ಲಿಂಟೆಲ್ (ಕಿಟಕಿ, ಬಾಗಿಲಿನ ಮೇಲಿನ ತೊಲೆ) ಮಟ್ಟದಲ್ಲಿ ಒಟ್ಟಿಗೇ ಕಾಂಕ್ರೀಟ್ ಸುರಿದು ಮಾಡುತ್ತಾರೆ. ಸಜ್ಜಾ ಗೋಡೆಗೆ ಸೇರುವ ಮೂಲೆಯಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಸಾಕು, ಅರಬ್ಬಿ ಕಡೆಯಿಂದ ಬೀಸುವ ಮಳೆ ಒಳಗೆ ಇಳಿದು ಅಟ್ಟದ ಕೆಳಗೆ ಹರಡುತ್ತದೆ. ಕಲೆ ಮೇಲಿನಿಂದ ಕೆಳಗೆ ಬಂದಿದ್ದರೆ ಇದೇ. ನೆಲದಿಂದ ಎರಡು ಮೂರು ಅಡಿ ಮಾತ್ರ ಏರಿದ್ದರೆ ಅಡಿಪಾಯದ ಪಸೆ. ಗೋಡೆಯ ಆಚೆ ಬಚ್ಚಲಿದ್ದು ಬೇಸಿಗೆಯಲ್ಲೂ ಕಲೆ ಒಣಗದಿದ್ದರೆ ಪೈಪು ಸೋರುತ್ತಿದೆ. ಇನ್ನೊಂದು, ಗೋಡೆಯೊಳಗೇ ಕೂರಿಸಿದ ಹಳೇ ಕಪಾಟುಗಳದ್ದು: 9 ಇಂಚಿನ ಗೋಡೆಯಲ್ಲಿ ಗೂಡು ತೆಗೆದಾಗ ಹಿಂದೆ ಉಳಿಯುವುದು ಬರೀ ನಾಲ್ಕೂವರೆ ಇಂಚು. ಮುರಕಲ್ಲಿನ ಗೋಡೆಯಾದರೆ ಅಷ್ಟು ದಪ್ಪ ಮಳೆಗೆ ಏನೂ ಅಲ್ಲ.

ಹೊರಗಿನ ದುರಸ್ತಿಗೆ ಕಾಲ ಜನವರಿಯಿಂದ ಏಪ್ರಿಲ್. ಬಿರುಕನ್ನು ಇಂಗ್ಲಿಷಿನ ವಿ ಆಕಾರಕ್ಕೆ ಅಗಲ ಮಾಡಿ, ಧೂಳು ತೆಗೆದು, ಅಕ್ರಿಲಿಕ್ ಫಿಲ್ಲರ್ ತುಂಬಿ, ಸಜ್ಜಾದ ಮೂಲೆಗೆ ಪಾಲಿಮರ್ ಗಾರೆಯ ಇಳಿಜಾರು ಕೊಟ್ಟು, ಪೂರ್ತಿ ಒಣಗಿದ ಮೇಲೆ ಜಲನಿರೋಧಕ ಬಣ್ಣ ಎರಡು ಕೋಟ್. ಹಸಿ ಗೋಡೆಗೆ ಬಳಿದರೆ ಗುಳ್ಳೆ ಏಳುತ್ತದೆ. ಒಳಗಡೆಯಿಂದ ಜಲನಿರೋಧಕ ಬಳಿದು ಸುಮ್ಮನಾಗುವುದಂತೂ ಶುದ್ಧ ತಪ್ಪು. ನೀರು ಒಳಗೇ ಸಿಕ್ಕಿಕೊಂಡು ಬೇರೆ ಕಡೆ ಎದ್ದು ಬರುತ್ತದೆ. ಸೋರಿಕೆ ನಿಂತ ಮೇಲೂ ಗೋಡೆ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂದು ಲೆಕ್ಕ ಇಟ್ಟುಕೊಳ್ಳಿ. ಈ ವರ್ಷದ ಮಟ್ಟಿಗೆ ಹೊರಗೆ ಟಾರ್ಪಾಲು ಇಳಿಬಿಡಿ. ಹಿಂದಿನವರು ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದೇ ಕಾರಣಕ್ಕೆ, ಗೋಡೆಗೆ ಮಳೆ ಬಡಿಯದೇ ಇದ್ದರೆ ಅರ್ಧ ಸಮಸ್ಯೆ ಇರುವುದಿಲ್ಲ.

ಇನ್ನು ಬೆವರುವ ಕಪಾಟು. 26 ಡಿಗ್ರಿ, ಶೇ. 85ರ ಗಾಳಿ ಸುಮಾರು 23 ಡಿಗ್ರಿಯ ಮೇಲ್ಮೈ ಮುಟ್ಟಿದರೆ ಹನಿ ಕಟ್ಟುತ್ತದೆ. ರಾತ್ರಿ ಏಸಿಯನ್ನು 20ಕ್ಕೆ ಇಟ್ಟು ಮಲಗಿ, ಬೆಳಿಗ್ಗೆ ಆರಿಸಿ ಕಿಟಕಿ ತೆರೆಯುವವರ ಮನೆಯಲ್ಲಿ ಆಗುವುದು ಇದೇ: ತಣ್ಣಗಾದ ಲ್ಯಾಮಿನೇಟ್, ಕನ್ನಡಿ, ಸ್ಟೀಲ್ ಬೀರು ಎಲ್ಲವೂ ಹೊರಗಾಳಿಗೆ ಬೆವರುತ್ತವೆ. 25ರ ಮೇಲಿಟ್ಟು ಡ್ರೈ ಮೋಡ್‌ನಲ್ಲಿ ಓಡಿಸಿ, ಆರಿಸಿದ ಮೇಲೆ ಒಂದೆರಡು ಗಂಟೆ ಕಿಟಕಿ ಮುಚ್ಚಿರಲಿ.

ಕಪಾಟಿನ ಬಾಗಿಲು ತೆರೆದಿಡಿ ಎಂದು ಎಲ್ಲರೂ ಹೇಳುತ್ತಾರೆ. ಹೊರಗೆ ಜಡಿಮಳೆ ಇದ್ದಾಗ ಕಿಟಕಿಯೂ ತೆರೆದಿದ್ದರೆ ಅದರಿಂದ ಬಟ್ಟೆಗೆ ಇನ್ನಷ್ಟು ನೀರು ಕುಡಿಸಿದಂತೆ. ಹೊಳವಾದ ಮಧ್ಯಾಹ್ನ ಮಾತ್ರ ತೆರೆದು ಫ್ಯಾನ್ ಹಾಕಿ. ಒಗೆದ ಬಟ್ಟೆಯನ್ನು ಅದೇ ಕೋಣೆಯಲ್ಲಿ ಒಣಹಾಕಬೇಡಿ, ಒಂದು ಮೆಷಿನ್ ಬಟ್ಟೆ ಒಣಗುವಷ್ಟರಲ್ಲಿ ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಇಸ್ತ್ರಿ ಬಟ್ಟೆ ಬಿಸಿಯಾಗಿರುವಾಗಲೇ ಒಳಗಿಡುವುದೂ ಬೇಡ.

ದುಡ್ಡು ಹಾಕುವುದಾದರೆ ತೇವ ಹೀರುವ ಯಂತ್ರಕ್ಕೆ ಹಾಕಿ. ಕಂಪ್ರೆಸರ್ ಇರುವ, ದಿನಕ್ಕೆ 10-12 ಲೀಟರ್ ತೆಗೆಯುವ ಡಿಹ್ಯುಮಿಡಿಫೈಯರ್. ಡಬ್ಬದ ಮೇಲಿನ ಅಂಕೆ ಸಾಮಾನ್ಯವಾಗಿ 30 ಡಿಗ್ರಿ, ಶೇ. 80ರ ಗಾಳಿಗೆ ಕೊಟ್ಟದ್ದು, 26 ಡಿಗ್ರಿಯಲ್ಲಿ ಕಡಿಮೆ ಬರುತ್ತದೆ. ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಕಪಾಟು ಪೂರ್ತಿ ತೆರೆದು, ಮಡಿಕೆಗಳನ್ನು ಸಡಿಲ ಮಾಡಿ ಆರು ಗಂಟೆ ಓಡಿಸಿ. 250 ವಾಟ್‌ನದ್ದಾದರೆ ಒಂದೂವರೆ ಯೂನಿಟ್ ಕರೆಂಟು. ಮೊದಲ ವಾರ ದಿನವೂ, ಆಮೇಲೆ ಮೂರು ದಿನಕ್ಕೊಮ್ಮೆ. ಮಾಪಕ 65ರ ಕೆಳಗಿದ್ದರೆ ಬೂಷ್ಟು ಬೆಳೆಯುವುದಿಲ್ಲ.

ಕಪಾಟಿನೊಳಗೆ ಝೀರೋ ಬಲ್ಬ್ ಉರಿಸುವ ಹಳೇ ಉಪಾಯಕ್ಕೂ ಲೆಕ್ಕ ಇದೆ. ತಂತಿಯ ಝೀರೋ ಬಲ್ಬ್ ನಿಜಕ್ಕೂ ಸುಮಾರು 15 ವಾಟ್ ತಿನ್ನುತ್ತದೆ, ಎಲ್‌ಇಡಿಯದ್ದು ಬಿಸಿಯೇ ಆಗದು. ನಿಮ್ಮ ಇಡೀ ವಾರ್ಡ್‌ರೋಬ್‌ನಲ್ಲಿ 15 ವಾಟ್ ಒಂದು ಡಿಗ್ರಿಯನ್ನೂ ಏರಿಸದು. ಒಂದೇ ಖಾನೆಯಲ್ಲಿ, ಎರಡಡಿ ಚೌಕದಷ್ಟು ಜಾಗದಲ್ಲಿ, ಎರಡು ಮೂರು ಡಿಗ್ರಿ ಏರುತ್ತದೆ. 26ರಿಂದ 29ಕ್ಕೆ ಹೋದರೆ ಶೇ. 90 ಇದ್ದದ್ದು 75ಕ್ಕೆ ಇಳಿಯುತ್ತದೆ. ಆದರೆ ಬಟ್ಟೆ ಜಾರಿ ಬಲ್ಬಿಗೆ ತಾಗಿದರೆ ಬೆಂಕಿ. ಮಾಡುವುದಿದ್ದರೆ ಮುಚ್ಚಿದ ಸರಳಿನ ಕಡಿಮೆ ವಾಟ್ ಹೀಟರ್ ಕೂರಿಸಿ, ಮೇಲೆ ಜಾಲರಿ ಹಾಕಿಸಿ.

ಮುಂದೆ ಬಡಗಿಯನ್ನು ಕರೆಸಿದಾಗ ಗೋಡೆಗೂ ಹಿಂಬದಿ ಹಲಗೆಗೂ ನಡುವೆ ಎರಡು ಇಂಚು ಸಂದಿ, ಅಡಿಯಲ್ಲಿ ನಾಲ್ಕು ಇಂಚು ಕಾಲು, ಆ ಸಂದಿಯ ಕೆಳಗೂ ಮೇಲೂ ಗಾಳಿಕಿಂಡಿ ಬಿಡಿಸಿ. ಪ್ಲೈವುಡ್ ಐಎಸ್ 710 ಮುದ್ರೆಯದ್ದೇ (ನೀರು ತಡೆಯುವ ಮೆರೈನ್ ದರ್ಜೆ) ಇರಲಿ. ಐಎಸ್ 303ರ ಎಂಆರ್ ದರ್ಜೆ, ಅಂದರೆ ಅಲ್ಪಸ್ವಲ್ಪ ತೇವ ಮಾತ್ರ ತಡೆಯುವಂಥದ್ದು, ಒಣ ಊರಿಗೆ ಸರಿ, ಪಾರ್ಟಿಕಲ್ ಬೋರ್ಡ್ ಅಂತೂ ಇಲ್ಲಿಗೆ ಬೇಡವೇ ಬೇಡ.

ಹಲಗೆಗಳ ಮೇಲೆ ಈಗಿರುವ ಬೂಷ್ಟನ್ನು ಒಣ ಬಟ್ಟೆಯಿಂದ ಕೊಡವಬೇಡಿ, ಮನೆ ತುಂಬ ಹರಡುತ್ತದೆ. ಎನ್95 ಮಾಸ್ಕ್ ಹಾಕಿ, ಸೋಪುನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ. ಆಗ ಹತ್ತಿರ ದೀಪ ಬೇಡ. ಹತ್ತಿ ಬಟ್ಟೆಗೆ ಬಿಸಿಲು, ರೇಷ್ಮೆಗೆ ನೆರಳಿನ ಗಾಳಿ. ನುಸಿಗುಳಿಗೆ, ಕರ್ಪೂರ ಯಾವುದೂ ತೇವ ತೆಗೆಯುವುದಿಲ್ಲ, ಹುಳಕ್ಕೆ ಮಾತ್ರ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವ ಮಕ್ಕಳಿಗೆ ನುಸಿಗುಳಿಗೆಯಿಂದ ಅಪಾಯವೂ ಉಂಟು. ಹಸುಗೂಸಿನ ಬಟ್ಟೆಯ ಹತ್ತಿರ ಇಡಲೇಬೇಡಿ. ನೇತುಹಾಕುವ ಚೀಲಗಳಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಚೆನ್ನಾಗಿಯೇ ಹೀರುತ್ತದೆ, ಆದರೆ ಕರಗಿದ ಉಪ್ಪುನೀರು ಸೋರಿದರೆ ಜರಿಯೂ ಚರ್ಮದ ಬೆಲ್ಟೂ ಹಾಳು.

ಸಿಲಿಕಾ ಜೆಲ್ ಕೆಲಸಕ್ಕೆ ಬರುವುದು ರಬ್ಬರ್ ಅಂಚಿನ ಬಿಗಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಬೆಲೆಬಾಳುವ ಸೀರೆಗಳನ್ನು ಫೆಬ್ರವರಿ, ಮಾರ್ಚ್‌ನ ಒಣ ದಿನದಲ್ಲೇ ಹತ್ತಿ ಬಟ್ಟೆಯಲ್ಲಿ ಸುತ್ತಿ ತುಂಬಿಬಿಡಿ. 50 ಲೀಟರ್ ಪೆಟ್ಟಿಗೆಗೆ 300 ಗ್ರಾಂ ಕಿತ್ತಳೆ ಬಣ್ಣದ ಜೆಲ್, ತೆಳು ಬಟ್ಟೆಯ ಚೀಲದಲ್ಲಿ. ಅದು ಹಸಿರಿಗೆ ತಿರುಗಿದರೆ 110-120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಇಟ್ಟು ಮತ್ತೆ ಬಳಸಬಹುದು. ತುಂಬಿದ ಹದಿನೈದು ದಿನಕ್ಕೇ ಹಸಿರಾದರೆ ಜೆಲ್ ಹೆಚ್ಚಿಸಬೇಡಿ, ಮುಚ್ಚಳದ ರಬ್ಬರ್ ಎಲ್ಲಿ ಬಿಟ್ಟಿದೆ ನೋಡಿ.