ಸಾಫ್ಟ್‌ಬಾಲ್ ಅಂಪೈರಿಂಗ್: ಕೋಚ್ ತಕರಾರು, ಬೇಲಿಯಾಚೆಯ ಕೂಗಾಟ

ನಿಮ್ಮ ಪ್ರಶ್ನೆ ಓದಿದೆ. ಮೊದಲ ಬೇಸ್‌ನಲ್ಲಿ ಒಂದು ಔಟ್ ಕೊಟ್ಟಿರಿ, ಕೋಚ್ ಜಗಳಕ್ಕೆ ಬಂದರು, ಮಕ್ಕಳ ಅಪ್ಪ ಅಮ್ಮಂದಿರು ಮ್ಯಾಚ್ ಮುಗಿಯುವವರೆಗೂ ಕೂಗಿದರು, ಇನ್ನು ಅಂಪೈರಿಂಗೇ ಬೇಡ ಅನ್ನಿಸಿದೆ ಅಂತ ಬರೆದಿದ್ದೀರಿ. ದಯವಿಟ್ಟು ಬಿಡಬೇಡಿ. ಇದನ್ನೆಲ್ಲ ನಿಭಾಯಿಸೋದು ಕಲಿಯಬಹುದಾದ ಕೆಲಸ.

ಮೊದಲು ಆ ಔಟ್ ವಿಷಯ. ಜಾಸ್ತಿ ತಕರಾರು ಹುಟ್ಟೋದು ನಾವು ನಿಂತ ಜಾಗದಿಂದ. ಬೇಸ್‌ಗೆ ತೀರಾ ಹತ್ತಿರ ಹೋದರೆ ರನ್ನರ್ ಕಾಲು, ಫೀಲ್ಡರ್ ಗ್ಲವ್ ಎರಡೂ ಒಟ್ಟಿಗೆ ಕಣ್ಣಿಗೆ ಸಿಗುವುದಿಲ್ಲ. ಸುಮಾರು 15 ಅಡಿ ದೂರದಲ್ಲಿ, ಥ್ರೋ ಬರುವ ದಾರಿಗೆ ಅಡ್ಡಲಾಗಿ ಕಾಣುವ ಹಾಗೆ ನಿಲ್ಲಿ. ಥ್ರೋ ನೇರವಾಗಿದೆ ಅಂತ ಖಾತ್ರಿಯಾದ ತಕ್ಷಣ ಕಣ್ಣನ್ನು ಬೇಸ್ ಮೇಲೆ ಇಡಿ, ಚೆಂಡು ಗ್ಲವ್‌ಗೆ ಬಿದ್ದ ಸದ್ದನ್ನು ಕಿವಿಯಿಂದ ಹಿಡಿಯಿರಿ. ಆಮೇಲೆ ಒಂದು ಕ್ಷಣ ತಡೆಯಿರಿ. ಚೆಂಡು ಗ್ಲವ್‌ನಲ್ಲೇ ಉಳಿದಿದೆಯಾ, ಫೀಲ್ಡರ್ ಕಾಲು ಬೇಸ್ ಮೇಲಿದೆಯಾ ನೋಡಿ. ಕೈ ಎತ್ತೋದು ಆಮೇಲೆ. ಅವಸರದಲ್ಲಿ ಔಟ್ ಅಂದು, ಚೆಂಡು ಜಾರಿದ್ದು ಕಂಡು ಸೇಫ್ (ಔಟ್ ಅಲ್ಲ) ಅಂದರೆ ಅಲ್ಲಿಂದಾಚೆಗೆ ನಿಮ್ಮ ಯಾವ ಮಾತನ್ನೂ ಯಾರೂ ನಂಬಲ್ಲ.

ಫೌಲ್ (ಹೊಡೆದ ಚೆಂಡು ಗೆರೆಯಾಚೆ ಹೋಗೋದು) ವಿಷಯದಲ್ಲಂತೂ ಇನ್ನೂ ತಾಳ್ಮೆ ಬೇಕು. ಚೆಂಡು ಫೇರ್ (ಗೆರೆಯೊಳಗೆ) ಆದರೆ ಬಾಯಿ ಬಿಡಬೇಡಿ, ಒಳಗಡೆಗೆ ಕೈ ತೋರಿಸಿದರೆ ಸಾಕು. ಫೌಲ್ ಅಂತ ಒಮ್ಮೆ ಕೂಗಿದರೆ ಎಲ್ಲರೂ ನಿಂತುಬಿಡುತ್ತಾರೆ, ಅದನ್ನು ಸರಿಪಡಿಸೋದು ತುಂಬಾ ಕಷ್ಟ. ನೋಡಬೇಕಾದ್ದು ಚೆಂಡು ಎಲ್ಲಿದೆ ಅನ್ನೋದನ್ನ, ಫೀಲ್ಡರ್ ಕಾಲು ಎಲ್ಲಿದೆ ಅನ್ನೋದನ್ನಲ್ಲ. ಅರ್ಧ ಕೂಗಾಟ ಇದು ಗೊತ್ತಿಲ್ಲದೆ ಆಗುವುದೇ.

ಈಗ ಕೋಚ್. ಅವರು ಬಂದಾಗ ಒಂದೇ ಪ್ರಶ್ನೆ ಮನಸ್ಸಿನಲ್ಲಿರಲಿ: ಇವರು ಕೇಳ್ತಿರೋದು ನನ್ನ ಕಣ್ಣಿನ ಬಗ್ಗೆಯಾ, ನಿಯಮದ ಬಗ್ಗೆಯಾ? ಔಟ್ ಅಥವಾ ಸೇಫ್, ಬಾಲ್ ಅಥವಾ ಸ್ಟ್ರೈಕ್ (ಎಸೆತ ಸರಿಯಾದ ವಲಯದಲ್ಲಿತ್ತಾ ಇಲ್ಲವಾ), ಫೇರ್ ಅಥವಾ ಫೌಲ್, ಇವೆಲ್ಲ ಅಂಪೈರ್ ಕಂಡದ್ದು. ಇವುಗಳ ಮೇಲೆ ಪ್ರೊಟೆಸ್ಟ್ (ಅಧಿಕೃತ ಆಕ್ಷೇಪ) ಇಲ್ಲ. "ಚೆಂಡು ಮೊದಲು ಬಂದದ್ದನ್ನು ನಾನು ನೋಡಿದೆ, ಕೋಚ್" ಅಂತ ಒಂದು ಸಲ ಹೇಳಿ, ಸಾಕು. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದೀರಿ ಅನ್ನೋದು ಅವರ ಮಾತಾದರೆ ಅದು ಬೇರೆ. ಉದಾಹರಣೆಗೆ, ಮೊದಲ ಬೇಸ್‌ನಲ್ಲಿ ಮಾತ್ರ ರನ್ನರ್ ಇದ್ದಾಗ ನೀವು ಇನ್‌ಫೀಲ್ಡ್ ಫ್ಲೈ (ಒಳಮೈದಾನದಲ್ಲಿ ಸುಲಭವಾಗಿ ಹಿಡಿಯಬಹುದಾದ ಎತ್ತರದ ಚೆಂಡಿಗೆ, ಹಿಡಿಯದಿದ್ದರೂ ಬ್ಯಾಟರ್ ಔಟ್ ಅನ್ನೋ ತೀರ್ಪು) ಕೊಟ್ಟರೆ ಅದು ನಿಯಮದ ತಪ್ಪು. ಅದಕ್ಕೆ ಮೊದಲೆರಡು ಬೇಸ್‌ಗಳೂ ತುಂಬಿರಬೇಕು, ಎರಡಕ್ಕಿಂತ ಕಡಿಮೆ ಔಟ್ ಆಗಿರಬೇಕು. ಇಂಥದಕ್ಕೆ ಪ್ರೊಟೆಸ್ಟ್ ಮಾಡುವ ಹಕ್ಕು ಅವರಿಗಿದೆ, ಆದರೆ ಮುಂದಿನ ಪಿಚ್‌ಗೆ (ಎಸೆತಕ್ಕೆ) ಮೊದಲೇ ಹೇಳಬೇಕು. ಆಗ ಟೈಮ್ ಕೊಟ್ಟು (ಆಟ ತಡೆದು), ಪೂರ್ತಿ ಕೇಳಿಸಿಕೊಂಡು, ಜೊತೆ ಅಂಪೈರ್‌ನ ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿ. ನೀವು ಕೇಳದೆ ಜೊತೆ ಅಂಪೈರ್ ನಿಮ್ಮ ತೀರ್ಪು ಬದಲಿಸುವ ಹಾಗಿಲ್ಲ. ಬದಲಿಸಬೇಕಾದರೆ ನೀವೇ ಪ್ರಕಟಿಸಿ.

ಒಂದು ಇನಿಂಗ್ಸ್‌ನಲ್ಲಿ ಕೊಟ್ಟ ತೀರ್ಪನ್ನು ಸರಿದೂಗಿಸೋಕೆ ಮುಂದಿನದರಲ್ಲಿ ಆ ತಂಡಕ್ಕೆ ಒಂದು ಸೇಫ್ ಕೊಡೋದು ಮಾತ್ರ ಬೇಡವೇ ಬೇಡ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಕೋಚ್ ಅದನ್ನೇ ಮತ್ತೆ ಮತ್ತೆ ಎತ್ತಿದರೆ "ನೀವು ಹೇಳಿದ್ದು ಕೇಳಿಸಿತು, ಆಟ ಮುಂದುವರಿಸೋಣ" ಅಂತ ಹೇಳಿ ಅಲ್ಲಿಂದ ಸರಿದುಬಿಡಿ. ಹಿಂದೆಯೇ ಬಂದರೆ ಎಚ್ಚರಿಕೆ ಕೊಡಿ. ಬೈಗುಳಕ್ಕೆ ಇಳಿದರೆ, ಮೈ ಮುಟ್ಟಿದರೆ, ಎಚ್ಚರಿಕೆ ಕೊಡುತ್ತಾ ಕೂರಬೇಡಿ, ಹೊರಗೆ ಕಳಿಸಿ. ದನಿ ಏರಿಸದೆ ಕಳಿಸಿ.

ಪ್ರೇಕ್ಷಕರಿಗೆ ಬೇರೆಯದೇ ದಾರಿ. ಅವರ ಜೊತೆ ನೇರವಾಗಿ ಮಾತಿಗೆ ಇಳಿಯಲೇಬೇಡಿ. ಬೇಲಿ ಕಡೆ ತಿರುಗಿ ಒಂದು ಉತ್ತರ ಕೊಟ್ಟರೆ ಹತ್ತು ಬಾಯಿ ತೆರೆಯುತ್ತವೆ. "ಅಯ್ಯೋ ಅಂಪೈರ್, ಕಣ್ಣು ಕಾಣಲ್ವಾ" ಅನ್ನೋದು ಬೇಸರದ ಮಾತು, ಬಿಟ್ಟುಬಿಡಿ. ಆದರೆ ಹುಡುಗಿಯೊಬ್ಬಳ ಹೆಸರು ಹಿಡಿದು ಬೈಯ್ಯೋದು, ಬೆದರಿಸೋದು, ಮೈದಾನದೊಳಗೆ ಕಾಲಿಡೋದು, ಇವನ್ನು ಒಂದು ಸಲವೂ ಸಹಿಸಬಾರದು. ಚೆಂಡು ಆಟದಲ್ಲಿ ಇಲ್ಲದಾಗ ಟೈಮ್ ಕೂಗಿ. ಆಯೋಜಕರನ್ನೂ ಆ ಕಡೆಯ ಕೋಚ್‌ನೂ ಕರೆಯಿರಿ. "ಕೆಂಪು ಅಂಗಿಯವರು ಹೊರಗೆ ಹೋಗುವವರೆಗೂ ಆಟ ಶುರು ಮಾಡಲ್ಲ" ಅಂತ ಯಾರು, ಏನು ಅನ್ನೋದನ್ನ ಸ್ಪಷ್ಟವಾಗಿ ಹೇಳಿ. ಎರಡೂ ತಂಡದ ಮಕ್ಕಳನ್ನು ಬೆಂಚಿಗೆ ಕಳಿಸಿ ಸುಮ್ನೆ ನಿಂತುಕೊಳ್ಳಿ. ಆಟ ನಿಂತಿದ್ದು ಅವರಿಂದ ಅಂತ ಗೊತ್ತಾದರೆ ಪಕ್ಕದವರೇ ಅವರನ್ನು ಸುಮ್ಮನಿರಿಸುತ್ತಾರೆ. ಆದರೂ ಹೋಗದಿದ್ದರೆ ಮ್ಯಾಚ್ ನಿಲ್ಲಿಸಿ, ನಿಮ್ಮ ಸುರಕ್ಷತೆ ಮುಖ್ಯ.

ಇದಕ್ಕೆಲ್ಲ ಬುನಾದಿ ಮ್ಯಾಚ್‌ಗೆ ಮೊದಲು ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕದ ಬೇಸ್) ಹತ್ತಿರ ಆಗುವ ಮಾತುಕತೆ. ಬೇಲಿಗೆ ಚೆಂಡು ಸಿಕ್ಕಿಹಾಕಿಕೊಂಡರೆ ಏನು, ನನ್ನ ಹತ್ತಿರ ಯಾರು ಬಂದು ಮಾತಾಡಬಹುದು, ಪ್ರೇಕ್ಷಕರ ಗಲಾಟೆಗೆ ಆಯೋಜಕರ ಕಡೆಯಿಂದ ಯಾರು ಬರ್ತಾರೆ, ಮೂರನ್ನೂ ಆಗಲೇ ಕೇಳಿಟ್ಟುಕೊಳ್ಳಿ.

ಮ್ಯಾಚ್ ಮುಗಿದ ಮೇಲೆ ಅಲ್ಲೇ ನಿಂತು ಚರ್ಚೆ ಬೇಡ, ಜೊತೆ ಅಂಪೈರ್ ಜೊತೆಗೇ ಹೊರಡಿ. ಯಾರನ್ನಾದರೂ ಹೊರಗೆ ಕಳಿಸಿದ್ದರೆ ಅವತ್ತೇ ವರದಿ ಬರೆಯಿರಿ: ಎಷ್ಟನೇ ಇನಿಂಗ್ಸ್, ಎಷ್ಟು ಔಟ್, ಅವರು ಆಡಿದ ಮಾತು ಇದ್ದ ಹಾಗೇ. ನಿಮ್ಮ ಅಭಿಪ್ರಾಯ ಅದರಲ್ಲಿ ಬೇಡ.

ಅಂದಹಾಗೆ, ಮುಂದಿನ ಮ್ಯಾಚ್‌ಗೆ ನೀವೊಬ್ಬರೇನಾ, ಇಬ್ಬರಿದ್ದೀರಾ? ಒಬ್ಬರೇ ಆದರೆ ಪ್ಲೇಟ್ ಹಿಂದಿನಿಂದ ಯಾವಾಗ ಎಲ್ಲಿಗೆ ಓಡಬೇಕು ಅನ್ನೋದು ಪೂರ್ತಿ ಬೇರೆ. ಹೇಳಿ, ಅದನ್ನೂ ಬರೆಯುತ್ತೇನೆ.