ಕಿತ್ಸುನೆ ಉದೋನ್ ಸಸ್ಯಾಹಾರವಲ್ಲ: ಎಳೆ ತಿನ್ನಿ, ರಸ ಬಿಡಿ

ಒಸಾಕಾದಲ್ಲಿ ಕಿತ್ಸುನೆ ಉದೋನ್ (ಬಿಸಿರಸದಲ್ಲಿ ಬರುವ ದಪ್ಪ ಗೋಧಿ ಎಳೆಯ ಮೇಲೆ ಕರಿದ ತೋಫು ಇಟ್ಟ ಜಪಾನಿ ತಿನಿಸು) ತಿಂದಿರೆಂದೂ, ಮಾಂಸ ಮೀನು ಇಲ್ಲವೆಂದು ಅಂಗಡಿಯವರನ್ನು ಕೇಳಿಯೇ ತಿಂದಿರೆಂದೂ, ಮೇಲೆ ಹಾಕುವುದು ಕರಿದ ತೋಫು ಮಾತ್ರವಾದ್ದರಿಂದ ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದೆಂದೂ ನೀವು ನಿನ್ನೆ ಗುಂಪಿನಲ್ಲಿ ಬರೆದದ್ದನ್ನು ಓದಿದೆ. ದಯವಿಟ್ಟು ಹಾಗೆ ಹೇಳಬೇಡಿ. ಇದೇ ತಪ್ಪನ್ನು ನಾನು ಎಂಟು ತಿಂಗಳು ಮಾಡಿದ್ದೇನೆ. ಊರಿನಿಂದ ಬಂದಿದ್ದ ನನ್ನ ತಾಯಿಯವರಿಗೂ ಅದನ್ನೇ ಕೊಡಿಸಿದ್ದೆ. ಅವರು ತಿಳಿಸಾರಿನ ಹಾಗಿದೆ ಎಂದು ಬಟ್ಟಲು ಎತ್ತಿ ಕುಡಿದಿದ್ದರು.

ಆ ರಸವೆಲ್ಲ ದಾಶಿ, ಅಂದರೆ ಒಣ ಪದಾರ್ಥಗಳನ್ನು ನೀರಿಗೆ ಹಾಕಿ ತೆಗೆಯುವ ಸಾರ. ಒಸಾಕಾ ಸುತ್ತಲಿನ ಕನ್ಸಾಯ್ ಕಡೆ ಉಸುಕುಚಿ ಶೋಯು (ತಿಳಿಬಣ್ಣದ ಸೋಯಾ ಸಾಸ್) ಹಾಕುವುದರಿಂದ ಬಣ್ಣ ತೆಳುವಾಗಿ ಬೇಳೆಕಟ್ಟಿನಂತೆ ಕಾಣುತ್ತದೆ, ನಾವು ಮೋಸಹೋಗುವುದೂ ಅಲ್ಲೇ. ಅದರೊಳಗೆ ಕೊಂಬು ಎಂಬ ಕಡಲಪಾಚಿ ಇರುವುದು ನಿಜ, ಆದರೆ ಜೊತೆಗೆ ಕತ್ಸುವೊಬುಶಿ (ಒಣಗಿಸಿ ಹೆರೆದ ಕತ್ಸುವೊ ಮೀನು), ಎಷ್ಟೋ ಕಡೆ ಒಣಗಿಸಿದ ಸಬಾ ಮೀನು ಕೂಡ ಇರುತ್ತದೆ. ಮೇಲಿನ ಅಬುರಾ-ಅಗೆ, ಅಂದರೆ ಕರಿದ ತೋಫುವನ್ನೂ ಸಾಮಾನ್ಯವಾಗಿ ಅದೇ ದಾಶಿಯಲ್ಲಿ ಸಕ್ಕರೆ, ಶೋಯು ಹಾಕಿ ಕುದಿಸಿರುತ್ತಾರೆ. ರಸ ಬಿಟ್ಟು ತೋಫು ಮಾತ್ರ ತಿಂದರೂ ಪ್ರಯೋಜನವಿಲ್ಲ.

ಅಂಗಡಿಯವರು ಸುಳ್ಳು ಹೇಳಿದರೆಂದು ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ದಾರೆ, ಅದು ಅನ್ಯಾಯದ ಮಾತು. 'ಸಾಕಾನಾ ಇದೆಯೇ' ಎಂದು ಕೇಳಿದರೆ ಮೀನಿನ ತುಂಡು ಇದೆಯೇ ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲ ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸತ್ಯವೇ. ನೀವು ಕೇಳಬೇಕಾದದ್ದು 'ದಾಶಿ ವಾ ನಾನಿ ಕಾರಾ ತೊತ್ತೆಮಾಸು ಕಾ', ಅಂದರೆ ದಾಶಿಯನ್ನು ಯಾವುದರಿಂದ ತೆಗೆಯುತ್ತೀರಿ ಎಂದು. ಗೋಡೆಯ ಮೇಲಿನ ಅಲರ್ಜಿ ಪಟ್ಟಿಯನ್ನೂ ನಂಬಿಕೊಳ್ಳಬೇಡಿ. ಜಪಾನಿನ ನಿಯಮದಲ್ಲಿ ಕಡ್ಡಾಯವಾಗಿ ತಿಳಿಸಬೇಕಾದವುಗಳಲ್ಲಿ ಸಿಗಡಿ, ಏಡಿ, ಮೊಟ್ಟೆ, ಹಾಲು, ಗೋಧಿ ಮುಂತಾದವು ಇವೆ, ಸಬಾ ಐಚ್ಛಿಕ ಪಟ್ಟಿಯಲ್ಲಿದೆ, ಕತ್ಸುವೊ ಎರಡರಲ್ಲಿಯೂ ಇಲ್ಲ. ಪಟ್ಟಿಯಲ್ಲಿ ಗೋಧಿ, ಸೋಯಾಬೀನ್ ಮಾತ್ರ ಗುರುತಾಗಿದ್ದರೂ ಬಟ್ಟಲಿನಲ್ಲಿ ಮೀನು ಇರಬಹುದು.

ನನಗೆ ಇದು ತಿಳಿದದ್ದು ಕಾಗಾವಾ ಪ್ರಾಂತ್ಯದ ತಾಕಾಮಾತ್ಸುವಿನ ಒಂದು ಸೆಲ್ಫ್ (ನಾವೇ ಬಡಿಸಿಕೊಳ್ಳುವ) ಅಂಗಡಿಯಲ್ಲಿ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಒಳಗೆ ಹಂಡೆಯಂಥ ಪಾತ್ರೆಯಿಂದ ಮುದುಕರೊಬ್ಬರು ದೊಡ್ಡ ಜಾಲರಿಯನ್ನು ಎರಡೂ ಕೈಯಿಂದ ಮೇಲೆತ್ತಿದರು. ಅದರ ತುಂಬ ಇರಿಕೊ, ಅಂದರೆ ಬೆರಳುದ್ದದ ಒಣಮೀನು. ಬೆಂದು ಬಿಳುಚಿಕೊಂಡಿದ್ದರೂ ತಲೆ, ಕಣ್ಣು ಸಹಿತ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿತ್ತು. ಜಾಲರಿಯಿಂದ ಸೋರುತ್ತಿದ್ದ ಆ ಹೊಂಬಣ್ಣದ ನೀರನ್ನೇ ನನ್ನ ಮುಂದಿನವರು ನಲ್ಲಿ ತಿರುಗಿಸಿ ಬಟ್ಟಲಿಗೆ ಹಿಡಿದುಕೊಂಡರು. ಅಂದು ಊಟ ಬಿಟ್ಟು ಹೊರಗೆ ಬಂದವನು ತಾಯಿಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಹಾಗೆಂದು ಉದೋನನ್ನೇ ಬಿಡಬೇಕಾಗಿಲ್ಲ. ಎಳೆಯಲ್ಲಿರುವುದು ಗೋಧಿಹಿಟ್ಟು, ಉಪ್ಪು, ನೀರು ಇಷ್ಟೇ, ಅದನ್ನು ಬೇಯಿಸುವುದೂ ಬರೀ ನೀರಿನಲ್ಲಿ. ಒತ್ತು ಶ್ಯಾವಿಗೆಯನ್ನು ಕಾಯಿಹಾಲಿಲ್ಲದೆ ಒಗ್ಗರಣೆ ಹಾಕಿಕೊಂಡೂ ತಿನ್ನುವುದಿಲ್ಲವೇ? ಇಲ್ಲಿಯೂ ಹಾಗೆಯೇ, ಎಳೆಯನ್ನು ರಸದಿಂದ ಬೇರೆಮಾಡಿ ಕೇಳಬೇಕು. ಕಾಗಾವಾದ ಅಂಗಡಿಗಳಲ್ಲಿ ನಾನು ಹೇಳುವುದು ಕಿಜೋಯು (ರಸವಿಲ್ಲದೆ ಬರೀ ಶೋಯು ಹಾಕಿದ್ದು), ತಣ್ಣಗಿನದು, ಒಂದು ತಾಮಾ (ಒಂದು ಉಂಡೆ ಎಳೆ). ತಣ್ಣೀರಿನಲ್ಲಿ ತೊಳೆದ ಎಳೆಯ ಮೇಲೆ ತುರಿದ ಮೂಲಂಗಿ, ಶುಂಠಿ, ಎಳ್ಳು, ಸಿಕ್ಕರೆ ನಿಂಬೆಯಂಥ ಸುದಾಚಿ ಅರ್ಧ ಹಿಂಡಿ, ಶೋಯುವನ್ನು ಒಂದೇ ಒಂದು ಸುತ್ತು ಹಾಕಬೇಕು. ಸಾನುಕಿ, ಅಂದರೆ ಕಾಗಾವಾದ, ಎಳೆಯ ಕೊಶಿ, ಹಲ್ಲಿಗೆ ಸಿಗುವ ಆ ಬಿಗಿ, ಬಿಸಿರಸದಲ್ಲಿ ಅರ್ಧ ಮರೆಯಾಗಿಬಿಡುತ್ತದೆ. ಅದು ಪೂರ್ತಿ ತಿಳಿಯುವುದು ಹೀಗೆ ತಿಂದಾಗ ಮಾತ್ರ. ಫೋಟೊ ತೆಗೆಯುತ್ತ ಕೂರಬೇಡಿ, ಐದು ನಿಮಿಷ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಸರಪಳಿ ಮಳಿಗೆಗಳಲ್ಲಿ ಕಮಾ-ಅಗೆ (ಬಿಸಿ ಎಳೆ) ಅಥವಾ 'ಜಾರು' (ಜಾಲರಿಯ ಮೇಲೆ ಬರುವ ತಣ್ಣಗಿನ ಎಳೆ) ಹೇಳಿ, ಏಕೆಂದರೆ ಅವುಗಳಲ್ಲಿ ತ್ಸುಯು, ಅಂದರೆ ದಾಶಿಯ ಅದ್ದುರಸ, ಪ್ರತ್ಯೇಕವಾಗಿ ಬರುತ್ತದೆ, 'ತ್ಸುಯು ನಾಶಿ ದೆ' (ತ್ಸುಯು ಬೇಡ) ಎಂದು ಬಿಟ್ಟುಬಿಡಬಹುದು. ಕಮಾ-ಅಗೆಯಲ್ಲಿ ಎಳೆ ತೇಲುವುದು ಅದು ಬೆಂದ ತಿಳಿಯಲ್ಲೇ. ಇದಕ್ಕೆ ನನಗೆ ಮಾರುಗಾಮೆ ಸೇಯ್ಮೆನ್ ಹಿಡಿಸುತ್ತದೆ, ಪ್ರತಿ ಮಳಿಗೆಯಲ್ಲೂ ಎಳೆಯನ್ನು ಅಲ್ಲಿಯೇ ಮಾಡುತ್ತಾರೆ. ಹೆಸರು ಕಾಗಾವಾದ ಊರಿನದಾದರೂ ಅದು 2000ದಲ್ಲಿ ಆರಂಭವಾದದ್ದು ಹ್ಯೋಗೊದ ಕಾಕೊಗಾವಾದಲ್ಲಿ, ಆದ್ದರಿಂದ ಕಾಗಾವಾದ ಉದೋನ್ ಅಲ್ಲಿಯೇ ತಿಂದಾಯಿತು ಎಂದುಕೊಳ್ಳಬೇಡಿ.

ಎಚ್ಚರಿಕೆ ಬೇಕಾದದ್ದು ಶೋಯುವಿನ ವಿಷಯದಲ್ಲಿ. ಮೇಜಿನ ಮೇಲಿನ ಸೀಸೆಯಲ್ಲಿ ಎಷ್ಟೋ ಸಲ ಇರುವುದು ದಾಶಿ ಶೋಯು, ಅಂದರೆ ಮತ್ತೆ ಕತ್ಸುವೊ. ಕಿಜೋಯು ಎಂದು ಬರೆದುಕೊಂಡು ದಾಶಿ ಶೋಯು ಕೊಡುವ ಅಂಗಡಿಗಳೂ ಇವೆ. ಸೀಸೆಯನ್ನು ತಿರುಗಿಸಿ ಹಿಂಬದಿಯ ಚೀಟಿ ನೋಡಿ: ಎಡಭಾಗದಲ್ಲಿ ನಾಲ್ಕು ಮನೆಯ ಸಣ್ಣ ಚೌಕ, ಅದರ ಕೆಳಗೆ ನಾಲ್ಕು ಚುಕ್ಕೆ ಇರುವ ಕಾಂಜಿ (ಚೀನೀ ಮೂಲದ ಅಕ್ಷರ) ಕಂಡರೆ ಅದು ಮೀನು. ಕಾನಾ ಎಂಬ ಉಚ್ಚಾರಣೆಯ ಲಿಪಿಯಲ್ಲಿ ಬರೆದಿದ್ದರೆ ಈ ಗುರುತು ಸಿಗುವುದಿಲ್ಲ, ಆಗ ಮೊಬೈಲಿನ ಅನುವಾದವೇ ಗತಿ. ಕಾಗಾವಾದ ಕಾಮಾದಾ ದಾಶಿ ಶೋಯುವನ್ನು ಎಲ್ಲರೂ ಹೊಗಳುತ್ತಾರೆ, ಅದು ನಮಗಲ್ಲ. ನಾನು ಕಿಕ್ಕೊಮಾನ್‌ನ ಸಾದಾ ಶೋಯುವಿನ ಸಣ್ಣ ಸೀಸೆಯನ್ನು ಚೀಲದಲ್ಲಿಟ್ಟುಕೊಂಡಿರುತ್ತೇನೆ, ಅಂಗಡಿಯವರನ್ನು ಒಂದು ಮಾತು ಕೇಳಿ ಬಳಸುತ್ತೇನೆ, ಈವರೆಗೆ ಯಾರೂ ಬೇಡವೆಂದಿಲ್ಲ.

ತೆಂಪುರಾ ಕಡೆ ಕೈ ಹಾಕುವ ಮುನ್ನವೂ ಯೋಚಿಸಿ. ಗೆಣಸಿನದು, ಕುಂಬಳದ್ದು ನೋಡಲು ನಮ್ಮ ಬಜ್ಜಿಯಂತಿದ್ದರೂ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಎಣ್ಣೆಯಂತೂ ಸಿಗಡಿ ಕರಿದದ್ದೇ. ಚಿಕುವಾ ತರಕಾರಿಯಲ್ಲ, ಅರೆದ ಮೀನು. ಹೆಚ್ಚಿದ ತರಕಾರಿ ಸೇರಿಸಿ ಕರಿದ ಕಾಕಿ-ಅಗೆಯಲ್ಲಿ ಈರುಳ್ಳಿಯ ನಡುವೆ ಸಣ್ಣ ಸಿಗಡಿ ಅಡಗಿರಬಹುದು. ಪುಕ್ಕಟೆ ಸಿಗುವ ತೆನ್ಕಾಸು ಆ ತೆಂಪುರಾದ್ದೇ ಚೂರು, ಅದೂ ಬೇಡ. ನೆಗಿ (ಹಸಿರು ಈರುಳ್ಳಿ), ಶುಂಠಿ ಹಾಕಿಕೊಳ್ಳಬಹುದು, ಈರುಳ್ಳಿ ಬಿಟ್ಟವರು ನೆಗಿಯನ್ನೂ ಬಿಡಬೇಕು. ಕಪ್ ಒಳಗೆ ಬರುವ ದಿಢೀರ್ ಉದೋನ್ ಆದ ನಿಸ್ಸಿನ್ ಡೊನ್‌ಬೆಯ್ ಕಿತ್ಸುನೆಯಲ್ಲಿ ಪೂರ್ವ ಜಪಾನಿನದು, ಪಶ್ಚಿಮದ್ದು ಎಂದು ರುಚಿ ಬೇರೆಯಿದ್ದರೂ ಎರಡರಲ್ಲಿಯೂ ಮೀನಿನ ದಾಶಿಯೇ.

ಬಿಸಿರಸವೇ ಬೇಕೆಂದರೆ ಮನೆಯಲ್ಲಿ ಮಾಡಿಕೊಳ್ಳಿ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ನಾಲ್ಕು ಒಣ ಶಿಟಾಕೆ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮೊದಲೇ ಕೊಂಬು ತೆಗೆಯಿರಿ, ಇಲ್ಲವಾದರೆ ಲೋಳೆಯ ವಾಸನೆ ಬರುತ್ತದೆ. ಅಬುರಾ-ಅಗೆಯನ್ನು ಕುದಿನೀರಿನಲ್ಲಿ ಅದ್ದಿ ಎಣ್ಣೆ ಹಿಂಡಿ ಇದೇ ದಾಶಿಯಲ್ಲಿ ಬೇಯಿಸಿದರೆ ನೀವು ಒಸಾಕಾದಲ್ಲಿ ಮೆಚ್ಚಿದ ಕಿತ್ಸುನೆ ಮನೆಯಲ್ಲೇ ಆಗುತ್ತದೆ. ಎಳೆಗೆ ಫ್ರೋಜನ್ ಉದೋನ್ ಸಾಕು, ಒಣಗಿದ್ದಕ್ಕಿಂತ ಅದರಲ್ಲಿ ಬಿಗಿ ಹೆಚ್ಚು.

ನಿನ್ನೆಯ ಪೋಸ್ಟನ್ನು ಅಳಿಸಬೇಡಿ, ತಿದ್ದಿ. ಮುಂದಿನ ವಾರ ಅತ್ತೆ ಮಾವನವರನ್ನು ಅದೇ ಅಂಗಡಿಗೆ ಕರೆದೊಯ್ಯುವುದಾಗಿ ಇಬ್ಬರು ಕೆಳಗೆ ಬರೆದಿದ್ದಾರೆ, ಅವರಿಗೆ ಇಂದೇ ತಿಳಿಯಲಿ.